ಹೆತ್ತವರ ಹಸಿವು

ಮಕ್ಕಳಿಗೆ ಮನೆಯೊಳಗೇ ಆಗುವ ಕೇಡಿನ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶೆ ಮಲತಾಯಿಯನ್ನೋ ಬಡತನವನ್ನೋ ಸಂಪ್ರದಾಯವನ್ನೋ ಎಳೆತಂದು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಹೆತ್ತ ಅಪ್ಪ ಅಮ್ಮ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಾರೆ. ಕತೆ ಹೇಳಿದವರು ಮಾತ್ರ ಅವರನ್ನು ಹಾಗೆ ಬಿಟ್ಟವರಲ್ಲ. ಐತರೇಯ ಬ್ರಾಹ್ಮಣದ ಅಜೀಗರ್ತ ಮಗ ಶುನಃಶೇಪನನ್ನು ನೂರು ಹಸುವಿಗೆ ಮಾರುತ್ತಾನೆ. ಯಜ್ಞದ ಬಲಿಗಂಬಕ್ಕೆ ಕಟ್ಟಲು ಇನ್ನೂ ನೂರು, ಕಡಿಯಲು ಮತ್ತೂ ನೂರು. ಮೊದಲ ನೂರಕ್ಕೆ ಹಸಿವಿನ ನೆಪವಾದರೂ ಇದೆ, ಮೂರನೆಯ ನೂರಕ್ಕೆ ಏನೂ ಇಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವೆ ಮಗಳನ್ನು ಸಂತಮಂಡಳಿಯ ಕಡೆಗೆ ದೂಡುವ ತಂದೆತಾಯಿಯನ್ನು ತೋರಿಸಿತು. ಸುಧಾರಣೆಯ ಹುರುಪಿನಲ್ಲಿ ಮಗಳ ಒಳಗುದಿಗೆ ಅಷ್ಟಾಗಿ ಜಾಗ ಸಿಗಲಿಲ್ಲ. ನಾಟಕವನ್ನೂ ಲೆಕ್ಕಕ್ಕೆ ಹಿಡಿದರೆ ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲಿ ದುರಾಸೆಗೆ ಹೊಸ ನಾಣ್ಯ ಹುಡುಕಿದರು. ಅದು ಪರೀಕ್ಷೆಯ ಅಂಕ.

ಈ ಹಾದಿಯ ದೊಡ್ಡ ಕೃತಿ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970). ಅದನ್ನು ಪ್ಲೇಗಿನ ದುರಂತವೆಂದು ಓದುವುದು ರೂಢಿ. ಆದರೆ ಪ್ಲೇಗು ಬರುವ ಎಷ್ಟೋ ಮೊದಲೇ ಆ ಮನೆ ಮುರಿದಿರುತ್ತದೆ. ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಗಂಡ ಚೆನ್ನಿಗರಾಯ ಕೈಗೆ ಬಂದ ಕಾಸನ್ನು ಹೋಟೆಲಿನಲ್ಲಿ ಒಬ್ಬನೇ ಕೂತು ತಿಂದು ಮುಗಿಸುತ್ತಾನೆ. ಇಲ್ಲಿನ ದುರಾಸೆಗೆ ಹೊಲ ಬೇಡ, ಒಡವೆ ಬೇಡ, ಒಂದು ಎಲೆ ತಿಂಡಿ ಸಾಕು. ಅವನಲ್ಲಿ ದ್ವೇಷವೂ ಇಲ್ಲ. ಮಕ್ಕಳು ಅವನ ಕಣ್ಣಿಗೇ ಬೀಳುವುದಿಲ್ಲ, ಅಷ್ಟೆ. ಪಾರ್ವತಿ, ರಾಮಣ್ಣರನ್ನು ಪ್ಲೇಗು ಒಯ್ದ ಮೇಲೂ ಈ ಕುರುಡು ಹೋಗುವುದಿಲ್ಲ. ಚೆನ್ನಿಗರಾಯನೂ ಬಾಯಿಬಡುಕಿ ಗಂಗಮ್ಮನ ಮಗನೇ ಅಲ್ಲವೇ, ಅವನೂ ಕೆಟ್ಟ ಸಾಕಣೆಯ ಫಲವಲ್ಲವೇ ಎಂದು ಕೇಳಬಹುದು. ಹೌದು. ತಾಯಿ ಬಿತ್ತಿದ್ದನ್ನು ಮೊಮ್ಮಕ್ಕಳು ಉಣ್ಣುವುದೇ ಕಾದಂಬರಿಯ ಹೂರಣ. ಅದು ಅವನಿಗೆ ಮಾಫಿಯಲ್ಲ.

ಇದೆಲ್ಲ ಬಡತನದ ಕಾಟ ಎನ್ನುವವರಿಗೆ ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಉತ್ತರವಿದೆ. ಸಾಕವ್ವನ ಮನೆ ನಂಜಮ್ಮನ ಮನೆಗಿಂತ ಬಡವಾದದ್ದು, ಜಗಳಕ್ಕೂ ಅಲ್ಲಿ ಬರವಿಲ್ಲ. ಆದರೂ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ದೊಡ್ಡವರು ಚಿಕ್ಕವರು ಒಟ್ಟಿಗೆ ಕೂತು ಸುಲಿದು ತಿನ್ನುತ್ತಾರೆ. ಸಂಪ್ರದಾಯದ ಮೇಲೆ ಹೊರೆ ಹೊರಿಸುವವರು ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಕೊನೆಯನ್ನು ಮತ್ತೆ ಓದಬೇಕು. ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿಸಿದ್ದು ಶಾಸ್ತ್ರವೇ ಇರಬಹುದು. ಆಮೇಲೆ ಎಳೆಯ ಹುಡುಗಿಯ ಕೈ ಹಿಡಿಯಲು ಹೊರಟದ್ದು ತಂದೆ ಉಡುಪರ ಸ್ವಂತ ಆಸೆ.

ಈಚಿನವುಗಳಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೇರೆಯದೇ ಜಾಡು ಹಿಡಿಯಿತು. ಮಸಾಲೆ ವ್ಯಾಪಾರದ ದುಡ್ಡು ಮಗನಿಗೆ ಹೆಸರಿಗೊಂದು ಹುದ್ದೆ ಕೊಟ್ಟು ಕೆಲಸ ಕಸಿದುಕೊಳ್ಳುತ್ತದೆ. ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯ ಹೆಂಗಸರು ಬಾಗಿಲಲ್ಲೇ ಬೈದು ಅಟ್ಟುವಾಗ ಅವನು ಸುಮ್ಮನಿರುತ್ತಾನೆ. ಹೊಡೆತವಿಲ್ಲ, ಉಪವಾಸವಿಲ್ಲ, ಆದರೂ ಆಳು ಕೆಟ್ಟಿದ್ದಾನೆ. ಇಷ್ಟು ದೂರ ಬಂದ ನಾವು ಕೈಲಾಸಂ ಎತ್ತಿದ ಎಳೆಯನ್ನು ಮಾತ್ರ ಅಲ್ಲೇ ಬಿಟ್ಟೆವು. ‘ಟೊಳ್ಳುಗಟ್ಟಿ’ ನೋಡಿದವರೆಲ್ಲ ಹೀಯಾಳಿಕೆ ತಿಂದ ಮಗ ಮಾಧುವಿಗಾಗಿ ಮರುಗುತ್ತಾರೆ. ಅಂಕಕ್ಕಾಗಿ ಅಪ್ಪ ತಲೆಯ ಮೇಲೆ ಹೊತ್ತು ಮೆರೆಸಿದ ಇನ್ನೊಬ್ಬ ಮಗ ಪುಟ್ಟುವಿಗೆ ಏನಾಯಿತೆಂದು ಕೇಳಿದವರು ಕಡಿಮೆ. ಕೋಚಿಂಗ್ ಹಾಸ್ಟೆಲುಗಳ ಈ ಕಾಲದಲ್ಲೂ ಪುಟ್ಟುವನ್ನು ಒಳಗಿನಿಂದ ಕಂಡ ಒಂದು ದೊಡ್ಡ ಕಾದಂಬರಿ ಕನ್ನಡಕ್ಕೆ ಇನ್ನೂ ದಕ್ಕಿಲ್ಲ.