ಹಿಂದಿನವರಿಗಷ್ಟೇ ಕಾಣುವ ದೀಪ

ಹಳೆಯ ವಿದ್ಯಾರ್ಥಿಗಳಿಗೆ ನಮ್ಮ ಬಿಳಿ ಅಂಬಾಸಡರ್ ನೆನಪಿರಬಹುದು. ಬ್ರಿಟನ್ನಿನ 1956ರ ಮಾರಿಸ್ ಆಕ್ಸ್‌ಫರ್ಡಿನಿಂದ ರೂಪುಗೊಂಡ ಆ ಕಾರಿನ ತಯಾರಿಕೆ 2014ರಲ್ಲಿ ಬಂಗಾಳದ ಉತ್ತರಪಾರಾದಲ್ಲಿ ನಿಂತಿತು.

ನಮ್ಮದರಲ್ಲಿ ಬ್ರೇಕ್ ದೀಪವನ್ನು ಉರಿಸುತ್ತಿದ್ದುದು, ಪೆಡಲ್ ತುಳಿದಾಗ ಕೊಳವೆಯಲ್ಲಿ ಏರುವ ಬ್ರೇಕ್ ಆಯಿಲ್‌ನ ಒತ್ತಡ. ಅದು ಸ್ವಿಚ್ಚಿನೊಳಗಿನ ಲೋಹದ ತುದಿಗಳನ್ನು ಕೂಡಿಸುತ್ತಿತ್ತು. ತುದಿಗಳು ಸುಟ್ಟು ಕಪ್ಪಾದರೆ ಬ್ರೇಕ್ ಹಿಡಿಯುತ್ತದೆ, ದೀಪ ಮಾತ್ರ ಉರಿಯದು. ಚಾಲಕನಿಗೆ ಅದರ ಅರಿವೂ ಆಗದು. ನನಗೆ ಅರಿವಾದದ್ದು ಘಾಟಿಯ ಇಳಿಜಾರಿನಲ್ಲಿ, ಹಿಂದಿನ ಲಾರಿ ಒಂದು ಮೊಳದ ಅಂತರದಲ್ಲಿ ಕಿರುಚಿ ನಿಂತಾಗ. ಮಕ್ಕಳಿಬ್ಬರೂ ಹಿಂದಿನ ಸೀಟಿನಲ್ಲಿದ್ದರು.

ಮೆಕ್ಯಾನಿಕ್ ಸ್ವಿಚ್ಚಿನ ಎರಡು ತಂತಿಗಳನ್ನು ಕಳಚಿ ಪರಸ್ಪರ ತಾಗಿಸಿದರು; ದೀಪ ಉರಿಯಿತು. ಉರಿಯದಿದ್ದರೆ ಫ್ಯೂಸ್, ಬಲ್ಬು, ತುಕ್ಕು ಹಿಡಿದ ಅರ್ತ್ ನೋಡಬೇಕಾಗುತ್ತಿತ್ತು. ಹೊಸ ಸ್ವಿಚ್ ಬರುವ ತನಕ, 1989ರ ರಸ್ತೆ ನಿಯಮಗಳಲ್ಲಿಯೂ ಇದ್ದ ಕೈಸನ್ನೆಯಂತೆ, ಬಲಗೈಯನ್ನು ಕಿಟಕಿಯಾಚೆ ಚಾಚಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಓಡಿಸಿದೆ.