ವಿರಾಟನ ಊರು ಯಾವುದು? ಗುರುಗ್ರಾಮದಿಂದ ಮೇವಾತಕ್ಕೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗೆ ಇದು ಈ ಸಲದ ಮಾತಿನ ಬರಹರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ಇಸವಿಗಳನ್ನು ಸೇರಿಸಿದ್ದೇನೆ, "ಅಂದ್ರೆ ಏನಪ್ಪಾ ಅಂದ್ರೆ"ಗಳನ್ನು ಕಿತ್ತುಹಾಕಿದ್ದೇನೆ.

ಗುರುಗ್ರಾಮದಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರಿಗೆ ಈ ಊರಿನ ಇತಿಹಾಸ ಏನು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಒಂದು, ಇಲ್ಲಿ ಮೊದಲು ಬರೀ ಹೊಲ ಇತ್ತು, ಆಮೇಲೆ ಬಿಲ್ಡರ್‌ಗಳು ಬಂದರು. ಇನ್ನೊಂದು, ಪಾಂಡವರು ದ್ರೋಣಾಚಾರ್ಯರಿಗೆ ಗುರುದಕ್ಷಿಣೆಯಾಗಿ ಕೊಟ್ಟ ಗ್ರಾಮ ಇದು. ಎರಡನೆಯದಕ್ಕೆ ಸಾಕ್ಷಿ ಬೇಕಾದರೆ ಯೆಲ್ಲೋ ಲೈನ್‌ನಲ್ಲಿ ಗುರು ದ್ರೋಣಾಚಾರ್ಯ ಅಂತ ಸ್ಟೇಷನ್ನೇ ಇದೆ. ಊರೊಳಗೆ ಭೀಮ್ ನಗರ, ಅರ್ಜುನ್ ನಗರ ಇವೆ. ಖಾಂಡ್ಸಾ ಅನ್ನೋ ಹಳ್ಳಿಯಲ್ಲಿ ಏಕಲವ್ಯನ ಗುಡಿ ಇದೆ, ಅವನು ಕೊಯ್ದುಕೊಟ್ಟ ಹೆಬ್ಬೆರಳನ್ನು ಹೂತದ್ದು ಅಲ್ಲೇ ಅಂತ ನಂಬಿಕೆ. ಕುವೆಂಪು ಅವರ 'ಬೆರಳ್‌ಗೆ ಕೊರಳ್' ನಾಟಕವನ್ನು ಕಾಲೇಜಿನಲ್ಲಿ ಓದಿದವರು ಒಮ್ಮೆ ಹೋಗಿ ಬನ್ನಿ.

ಆದರೆ ನಾನು ಹೇಳೋಕೆ ಹೊರಟಿರೋದು ಮೂರನೇ ಉತ್ತರ. ಅದು ನನಗೆ ಸಿಕ್ಕಿದ್ದು ಪುಸ್ತಕದಿಂದ ಅಲ್ಲ, ಪಕ್ಕದ ಡೆಸ್ಕಿನಿಂದ.

ನಮ್ಮ ಟೀಮಿನಲ್ಲಿ ನೂಹ್ ಜಿಲ್ಲೆಯ ಹುಡುಗನೊಬ್ಬ ಇದ್ದಾನೆ. ಹೆಸರು ಬೇಡ, ಅವನೇ ಬೇಡ ಅಂದಿದ್ದಾನೆ. ಜಾತಿಯಿಂದ ಮೇವ್, ಧರ್ಮದಿಂದ ಮುಸ್ಲಿಂ. ನೂಹ್ ನಮ್ಮ ಆಫೀಸಿನಿಂದ ಹೆಚ್ಚುಕಡಿಮೆ ನಲವತ್ತೈದು ಕಿಲೋಮೀಟರ್. ಅಲ್ವಾರ್ ಕಡೆಗೆ ಹೋಗುವ ರಸ್ತೆಯಲ್ಲಿ ಸೋಹ್ನಾ ದಾಟಿದರೆ ಮೇವಾತ್ ಶುರು. 2005ರವರೆಗೆ ಆ ಭಾಗದ ಬಹುಪಾಲು ಗುರ್ಗಾಂವ್ ಜಿಲ್ಲೆಯೇ ಆಗಿತ್ತು. ಆ ವರ್ಷ ಮೇವಾತ್ ಬೇರೆ ಜಿಲ್ಲೆಯಾಯಿತು. 2016ರಲ್ಲಿ ಗುರ್ಗಾಂವ್ ಗುರುಗ್ರಾಮ ಆಯಿತು, ಮೇವಾತ್ ನೂಹ್ ಆಯಿತು. 2018ರಲ್ಲಿ ನೀತಿ ಆಯೋಗ ದೇಶದ 101 ಹಿಂದುಳಿದ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿದಾಗ ಸಾಲಿನ ಕೊನೆಯಲ್ಲಿ ನಿಂತದ್ದು ಇದೇ ಜಿಲ್ಲೆ. ಸೈಬರ್ ಸಿಟಿಯಿಂದ ಒಂದೂವರೆ ಗಂಟೆ ದಾರಿ! (ಆ ಯೋಜನೆಯಲ್ಲಿ ನಮ್ಮ ರಾಯಚೂರು, ಯಾದಗಿರಿಯೂ ಇದ್ದವು, ಹಾಗಾಗಿ ನಾವು ಬಹಳ ಬೀಗೋದು ಬೇಡ.)

ಒಂದು ದಿನ ಚಹಾ ಕುಡಿಯುವಾಗ ದ್ರೋಣಾಚಾರ್ಯ ಸ್ಟೇಷನ್ನಿನ ಮಾತು ಬಂತು. ಅವನು ಏನೋ ಸಾಮಾನ್ಯ ವಿಷಯ ಹೇಳುವ ಹಾಗೆ ಹೇಳಿದ: "ದ್ರೋಣ ನಮ್ಮ ಗುರುವಿನ ಗುರು ಆಗ್ಬೇಕು, ಭಾಯಿ. ನಮ್ಮ ಪಾಲ್ ಅರ್ಜುನನ ವಂಶ."

ಇದು ತಮಾಷೆ ಅಲ್ಲ. ಮೇವ್ ಸಮಾಜ ಹನ್ನೆರಡು ಪಾಲ್, ಐವತ್ತೆರಡು ಗೋತ್ ಅಂತ ಹಂಚಿಕೊಂಡಿದೆ. ಪಾಲ್ ಅಂದರೆ ದೊಡ್ಡ ಕುಲ, ಗೋತ್ ಅಂದರೆ ನಮ್ಮ ಗೋತ್ರವೇ. ಕೆಲವು ಪಾಲ್‌ಗಳು ತಮ್ಮನ್ನು ಯದುವಂಶದವರು, ಕೃಷ್ಣನ ಕಡೆಯವರು ಅನ್ನುತ್ತವೆ. ಕೆಲವು ತೋಮರರು, ಅರ್ಜುನನ ಕಡೆಯವರು. ಸಗೋತ್ರದಲ್ಲಿ ಮದುವೆ ಇಲ್ಲ. ಚಿಕ್ಕಪ್ಪ, ಸೋದರಮಾವನ ಮಕ್ಕಳ ಜೊತೆಗೂ ಇಲ್ಲ. ಇದನ್ನು ಕೇಳಿ ನಾನು "ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆಯಾಗೋದು ಹಕ್ಕು ಇದ್ದ ಹಾಗೆ" ಅಂದೆ. ಅವನು ಚಹಾ ಕೆಳಗಿಟ್ಟು "ತೋಬಾ, ತಂಗಿ ಅಲ್ವಾ ಅವಳು!" ಅಂದ. ಯಾರ ಧರ್ಮ ಯಾವುದು ಅಂತ ನೋಡಿ ಯಾರ ಮನೆಯ ಪದ್ಧತಿ ಏನು ಅಂತ ಊಹಿಸುವ ಚಟ ನಮ್ಮೆಲ್ಲರಿಗೂ ಇದೆ. ಅಲ್ಲಿ ಕೂತಿದ್ದವರಿಗೆಲ್ಲ ಆ ಮಧ್ಯಾಹ್ನ ಅದು ಸ್ವಲ್ಪ ಬಿಟ್ಟಿತು.

ಮೇವ್ ಜನರಿಗೆ ತಮ್ಮದೇ ಒಂದು ಮಹಾಭಾರತ ಇದೆ. ಹೆಸರು 'ಪಂಡೂನ್ ಕಾ ಕಡಾ'. ಮೇವಾತಿ ಭಾಷೆಯ ದೋಹಾಗಳಲ್ಲಿ ಕಟ್ಟಿದ ಹಾಡುಗಥೆ, ಸಾದುಲ್ಲಾ ಖಾನ್ ಎಂಬ ಕವಿಯ ಹೆಸರಿನಲ್ಲಿದೆ. ಹಾಡುವವರು ಮಿರಾಸಿಗಳು, ಅವರೂ ಮುಸ್ಲಿಮರು. ಮದುವೆ ಮುಂಜಿ ಅನ್ನೋ ಹಾಗೆ ಶುಭಕಾರ್ಯಗಳಲ್ಲಿ ರಾತ್ರಿಯಿಡೀ ಹಾಡಿಸುತ್ತಿದ್ದರು. ಮನೆತನಗಳ ವಂಶಾವಳಿ ಬರೆದಿಟ್ಟುಕೊಳ್ಳುವ ಜಗಾಗಳು ಮಾತ್ರ ಹಿಂದೂಗಳು. ಚರಿತ್ರೆಕಾರ್ತಿ ಶೈಲ್ ಮಾಯಾರಾಮ್ ಮೇವ್ ಜನರ ಬಗ್ಗೆ ಎರಡು ದೊಡ್ಡ ಪುಸ್ತಕ ಬರೆದಿದ್ದಾರೆ, ಆಸಕ್ತಿ ಇದ್ದವರು ಹುಡುಕಿ ಓದಿ.

ಗೆಳೆಯ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಹಾಕಿದ. ವಾದ್ಯದ ಹೆಸರು ಭಪಂಗ್. ಕಂಕುಳಲ್ಲಿ ಅವುಚಿಕೊಂಡ ಸಣ್ಣ ಡೋಲು, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ, ಅದನ್ನು ಜಗ್ಗಿ ಸಡಿಲಿಸಿ ಮೀಟಿದರೆ ವಾದ್ಯ ಮಾತಾಡುತ್ತದೆ. ಉತ್ತರ ಕರ್ನಾಟಕದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ, ಎಲ್ಲಮ್ಮನ ಜೋಗತಿಯರ ಚೌಡಿಕಿ! ತಕ್ಷಣ ಚೌಡಿಕಿ ಪದದ ವಿಡಿಯೋ ಹುಡುಕಿ ಅವನಿಗೆ ತೋರಿಸಿದೆ. ಅರ್ಧ ನಿಮಿಷ ಕೇಳಿ "ಇವರು ಯಾವ ಊರಿನ ಮಿರಾಸಿಗಳು?" ಅಂತ ಕೇಳಿದ.

ಈಗ ವಿರಾಟನ ವಿಷಯಕ್ಕೆ ಬರೋಣ. ನನ್ನ ಊರು ಹಾನಗಲ್ ತಾಲೂಕು, ಹಾವೇರಿ ಜಿಲ್ಲೆ. ಹಾನಗಲ್ಲೇ ವಿರಾಟನಗರ, ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಅಂತ ನಮ್ಮಲ್ಲಿ ಚಿಕ್ಕ ಹುಡುಗರೂ ಹೇಳುತ್ತಾರೆ. ಬರೀ ಬಾಯಿಮಾತಲ್ಲ, ಶಾಸನಗಳಲ್ಲೇ ಈ ಊರನ್ನು ಪಾನುಂಗಲ್ಲು ಅನ್ನುವ ಜೊತೆಗೆ ವಿರಾಟನ ಕೋಟೆ ಅಂತಲೂ ಕರೆದಿದ್ದಾರೆ. ಊರ ಹತ್ತಿರದ ಗುಡ್ಡಕ್ಕೆ ಕುಂತಿ ದಿಬ್ಬ ಅಂತ ಹೆಸರು. ಮಳೆ ಹೋದರೆ ಕುಮಾರವ್ಯಾಸ ಭಾರತದ ವಿರಾಟಪರ್ವ ಓದಿಸುವುದು ನಮ್ಮ ಕಡೆ ಇವತ್ತಿಗೂ ಇದೆ. ಅದನ್ನೆಲ್ಲ ಗೆಳೆಯನಿಗೆ ಹೆಮ್ಮೆಯಿಂದ ಹೇಳಿದೆ.

ಅವನು ಒಪ್ಪಲೇ ಇಲ್ಲ. "ವಿರಾಟನ ಊರು ಬೈರಾಟ್. ಭೀಮ ಕೀಚಕನನ್ನು ಕೊಂದದ್ದು ಅಲ್ಲಿ ಅಂತ ನಮ್ಮ ದಾದಾ ಹೇಳ್ತಿದ್ರು. ಕಾರಲ್ಲಿ ಹೋದ್ರೆ ಒಂದೇ ದಿನದ ದಾರಿ, ನೋಡ್ಕೊಂಡೇ ಬರೋಣ."

ಹೋದೆವು. ಸೋಹ್ನಾ, ನೂಹ್, ಫಿರೋಜ್‌ಪುರ್ ಝಿರ್ಕಾ, ಅಲ್ವಾರ್, ಅಲ್ಲಿಂದ ಸರಿಸ್ಕಾದ ಗುಡ್ಡಗಳ ಮಗ್ಗುಲಲ್ಲಿ ಬೈರಾಟ್. ಈಗಿನ ಸರ್ಕಾರಿ ಹೆಸರೇ ವಿರಾಟನಗರ. ಪುರಾಣದ ಮತ್ಸ್ಯದೇಶ ಇದು ಅನ್ನೋದು ಎಷ್ಟು ಗಟ್ಟಿ ನೆನಪು ಅಂದರೆ, 1948ರ ಮಾರ್ಚಿಯಲ್ಲಿ ಅಲ್ವಾರ್, ಭರತ್‌ಪುರ್, ಧೋಲ್‌ಪುರ್, ಕರೌಲಿ ಸಂಸ್ಥಾನಗಳನ್ನು ಸೇರಿಸಿದಾಗ ಆ ಒಕ್ಕೂಟಕ್ಕೆ ಇಟ್ಟ ಹೆಸರೇ ಮತ್ಸ್ಯ. ಅಲ್ಲಿ ಭೀಮನ ಹೆಸರಿನ ಗುಡ್ಡ ಒಂದಿದೆ, ಭೀಮ್‌ಜೀ ಕೀ ಡೂಂಗ್ರಿ. ಅದರ ಬುಡದ ಬಂಡೆಯ ಮೇಲೆ ಸವೆದುಹೋದ ಬ್ರಾಹ್ಮಿ ಅಕ್ಷರಗಳು, ಅಶೋಕನ ಕಿರುಶಾಸನ. ಇದೇ ಒಕ್ಕಣೆಯ ಶಾಸನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಂದೇ ಸುತ್ತೋಲೆ ಬೈರಾಟಕ್ಕೂ ಬಂದಿದೆ, ಮಸ್ಕಿಗೂ ಬಂದಿದೆ. ನಾನು ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡೋ ಮನುಷ್ಯ, ನನಗೆ ಅಶೋಕನ ಆಡಳಿತದ ಬಗ್ಗೆ ಹೊಟ್ಟೆಕಿಚ್ಚೇ ಆಯಿತು.

ಪಕ್ಕದ ಬೀಜಕ್ ಕೀ ಪಹಾಡಿಯ ಮೇಲೆ ಮೌರ್ಯರ ಕಾಲದ ವೃತ್ತಾಕಾರದ ಬೌದ್ಧ ಚೈತ್ಯದ ತಳಪಾಯ ಇದೆ. ಅಲ್ಲೇ ಕೂತು ಪರೋಠಾ ತಿಂದೆವು. ಬೌದ್ಧರ ಜಾಗ, ಭೀಮನ ಗುಡ್ಡ, ಹಾದಿ ತೋರಿಸಿದವನು ಮೇವ್. ಮಹಾರಾಷ್ಟ್ರದ ವಾಯಿ ಊರಿನವರೂ, ಗುಜರಾತಿನ ಧೋಲ್ಕಾದವರೂ ತಮ್ಮೂರೇ ವಿರಾಟನಗರ ಅನ್ನುತ್ತಾರೆ ಅಂತ ಹೇಳಿದೆ. "ಅವರಿಗೂ ಬಂದು ವಾದ ಮಾಡಕ್ಕೆ ಹೇಳು" ಅಂದ. ಇತಿಹಾಸದ ದೃಷ್ಟಿಯಿಂದ ನೋಡಿದರೆ ಯಾವ ಊರು ನಿಜ ಅನ್ನೋದು ಮುಖ್ಯವೇ ಅಲ್ಲ. ಅಜ್ಞಾತವಾಸ ನಮ್ಮೂರಲ್ಲೇ ನಡೀತು ಅಂತ ಹೇಳಿಕೊಳ್ಳುವ ಆಸೆ ಇಷ್ಟು ದೂರ ದೂರದ ಊರುಗಳಿಗೆ ಯಾಕೆ ಬಂತು? ವೇಷ ಮರೆಸಿಕೊಂಡು, ಅಡುಗೆಯವನಾಗಿ, ಕುದುರೆ ನೋಡಿಕೊಳ್ಳುವವನಾಗಿ ಬೇರೆಯವರ ಮನೆಯಲ್ಲಿ ಒಂದು ವರ್ಷ ಬದುಕಿದ ಕಥೆ ಅದು. ಬಾಡಿಗೆ ಮನೆಯಲ್ಲಿರುವ ನಮ್ಮಂಥವರಿಗೆ ಭಾರತದ ಬೇರೆಲ್ಲ ಪರ್ವಗಳಿಗಿಂತ ಇದೇ ಹತ್ತಿರ ಅನಿಸಿದರೆ ಆಶ್ಚರ್ಯ ಇಲ್ಲ.

ಬರುವಾಗ ಘಾಸೇರಾದಲ್ಲಿ ನಿಲ್ಲಿಸಿದ. ಸೋಹ್ನಾ ಮತ್ತು ನೂಹ್ ನಡುವಿನ ಹಳ್ಳಿ. 1947ರಲ್ಲಿ ಅಲ್ವಾರ್, ಭರತ್‌ಪುರ್ ಸಂಸ್ಥಾನಗಳಲ್ಲಿ ಮೇವ್ ಹಳ್ಳಿಗಳ ಮೇಲೆ ಭೀಕರ ಹಲ್ಲೆಯಾಯಿತು. ಓಡಿಬಂದವರು ಗುರ್ಗಾಂವ್ ಕಡೆಯ ಹಳ್ಳಿಗಳಲ್ಲಿ, ಶಿಬಿರಗಳಲ್ಲಿ ತುಂಬಿಕೊಂಡರು. ಸಾವಿರಾರು ಜನ ಪಾಕಿಸ್ತಾನಕ್ಕೆ ಹೊರಟೇಬಿಟ್ಟಿದ್ದರು. ಮೇವ್ ನಾಯಕ ಚೌಧರಿ ಯಾಸೀನ್ ಖಾನ್ ಮತ್ತಿತರರು ದೆಹಲಿಗೆ ಹೋಗಿ ಗಾಂಧೀಜಿಯನ್ನು ಕಂಡರು. 1947ರ ಡಿಸೆಂಬರ್ 19ರಂದು ಗಾಂಧೀಜಿ ಘಾಸೇರಾಕ್ಕೆ ಬಂದು, ಇದು ನಿಮ್ಮ ದೇಶ, ಹೋಗಬೇಡಿ ಅಂತ ಕೇಳಿಕೊಂಡರು. ಜೊತೆಗೆ ಪೂರ್ವ ಪಂಜಾಬಿನ ಮುಖ್ಯಮಂತ್ರಿ ಗೋಪಿಚಂದ್ ಭಾರ್ಗವ ಇದ್ದರು. ಬಹಳಷ್ಟು ಮೇವ್ ಜನ ಉಳಿದರು. ಅದಾಗಿ ಆರು ವಾರಕ್ಕೆ ಗಾಂಧೀಜಿಯೇ ಉಳಿಯಲಿಲ್ಲ. ಮುಂದೆ ವಿನೋಬಾ ಭಾವೆ ಬಂದು ಪುನರ್ವಸತಿ ಕೆಲಸಕ್ಕೆ ನಿಂತರು. ಡಿಸೆಂಬರ್ 19ನ್ನು ಅಲ್ಲಿ ಇವತ್ತಿಗೂ ಮೇವಾತ್ ದಿನ ಅಂತ ನೆನೆಯುತ್ತಾರೆ.

ಅದೇ ಹೊತ್ತಿಗೆ ಈ ಕಡೆ, ಪಶ್ಚಿಮ ಪಂಜಾಬಿನಿಂದ ಎಲ್ಲ ಕಳೆದುಕೊಂಡು ಬಂದ ಹಿಂದೂ, ಸಿಖ್ ಕುಟುಂಬಗಳು ಗುರ್ಗಾಂವಿನಲ್ಲಿ ಇಳಿಯುತ್ತಿದ್ದವು. ನನ್ನ ಮನೆ ಮಾಲೀಕರ ತಂದೆ ಹಾಗೆ ಬಂದವರು. ಒಂದೇ ಜಿಲ್ಲೆ, ಒಂದೇ ಚಳಿಗಾಲ, ಬರುವವರ ಟೆಂಟು, ಹೊರಡುವವರ ಗಂಟು. ಇದನ್ನು ಈ ಎರಡೂ ಮನೆಗಳಲ್ಲಿ ಊಟ ಮಾಡದೆ ನಾನು ಒಟ್ಟಿಗೆ ಯೋಚಿಸುತ್ತಿದ್ದೆನೋ ಇಲ್ಲವೋ.

ಬ್ರಿಟಿಷ್ ಅಧಿಕಾರಿಗಳಿಗೆ ಮೇವ್ ಜನ ದೊಡ್ಡ ತಲೆನೋವು. 1878ರಲ್ಲಿ ಅಲ್ವಾರಿನ ಗೆಜೆಟಿಯರ್ ಬರೆದ ಪೌಲೆಟ್, ಇವರು ಹೆಸರಿಗಷ್ಟೇ ಮುಸಲ್ಮಾನರು ಎಂಬರ್ಥದಲ್ಲಿ ಬರೆದು, ಹಬ್ಬಗಳೆಲ್ಲ ಹಿಂದೂಗಳವು ಅಂತ ಪಟ್ಟಿ ಕೊಟ್ಟ. "ಅರ್ಧ ಹಿಂದೂ, ಅರ್ಧ ಮುಸ್ಲಿಂ" ಅನ್ನುವ ಮಾತು ಆ ಬಗೆಯ ಬರವಣಿಗೆಯಿಂದ ಬಂದದ್ದು. ಈಗಲೂ ನಾವು ಮೆಚ್ಚುಗೆಯಿಂದಲೇ ಅದನ್ನು ಹೇಳುತ್ತೇವೆ. ನನಗದು ಸರಿ ಕಾಣುವುದಿಲ್ಲ. ನಮ್ಮ ಊರ ಕಡೆ ಮೊಹರಂನಲ್ಲಿ ಪಂಜಾಕ್ಕೆ ಸಕ್ಕರಿ ಓದಿಸುವ, ಹೆಜ್ಜೆಮೇಳ ಕುಣಿಯುವ, ಕನ್ನಡದಲ್ಲಿ ರಿವಾಯತ್ ಪದ ಹಾಡುವ ಗೌಡರನ್ನು ಯಾರಾದರೂ ಅರ್ಧ ಹಿಂದೂ ಅಂದರೆ ಏನಾಗುತ್ತೆ ಯೋಚನೆ ಮಾಡಿ. ನಮ್ಮ ಅಜ್ಜಿ ಪೂರ್ತಿ ಹಿಂದೂ, ಸಕ್ಕರಿ ಓದಿಸಿದ್ದೂ ಪೂರ್ತಿ ಭಕ್ತಿಯಿಂದಲೇ. ಶಿಶುನಾಳ ಶರೀಫರ ಊರು ನಮ್ಮ ಜಿಲ್ಲೆಯಲ್ಲೇ ಇದೆ, ಅವರನ್ನು ಅಳತೆ ಹಾಕಿ ಎರಡು ಭಾಗ ಮಾಡಿದವರನ್ನು ನಾನು ಕಂಡಿಲ್ಲ.

ಹಾಗಂತ ಎಲ್ಲ ಹಾಗೇ ಉಳಿದಿದೆ ಅಂತಲೂ ಅಲ್ಲ. 1920ರ ದಶಕದಲ್ಲಿ ಒಂದು ಕಡೆಯಿಂದ ಆರ್ಯ ಸಮಾಜದ ಶುದ್ಧಿ ಚಳವಳಿ, ಇನ್ನೊಂದು ಕಡೆಯಿಂದ ಮೌಲಾನಾ ಇಲ್ಯಾಸ್ ಶುರುಮಾಡಿದ ತಬ್ಲೀಗ್. ತಬ್ಲೀಗ್ ಹುಟ್ಟಿದ್ದೇ ಮೇವಾತಿನ ನೆಲದಲ್ಲಿ. 1947 ಆದ ಮೇಲೆ ಅದು ಇನ್ನೂ ಬಲವಾಯಿತು. ಯಾಕೆ ಆಗಬಾರದು? ಅರ್ಜುನನ ವಂಶ ಅಂದುಕೊಂಡಿದ್ದವರನ್ನು ಕೊಲ್ಲಲು ಬಂದವರು ವಂಶಾವಳಿ ಕೇಳಿರಲಿಲ್ಲ. ಗೆಳೆಯನ ಚಿಕ್ಕಪ್ಪನಿಗೆ ಮಿರಾಸಿಗಳ ಹಾಡು ಇಷ್ಟವಿಲ್ಲ, ಮದುವೆಗೆ ಕರೆಸಲು ಬಿಡಲಿಲ್ಲ. ದಾದಾ ಬದುಕಿದ್ದಾಗ ಇದೇ ವಿಷಯಕ್ಕೆ ಮನೆಯಲ್ಲಿ ಜಗಳ. ಗೆಳೆಯ ಸ್ವತಃ ಕಡಾ ಪೂರ್ತಿ ಕೇಳಿಲ್ಲ. ನಾನು ಕುಮಾರವ್ಯಾಸನನ್ನು ಪೂರ್ತಿ ಓದಿದ್ದೀನಾ ಅಂತ ಅವನು ಕೇಳಿದಾಗ ನಾನು ಎಸಿ ಜಾಸ್ತಿ ಮಾಡಿದೆ.

2023ರ ಜುಲೈ 31ರಂದು ನೂಹ್‌ನಲ್ಲಿ ಗಲಭೆಯಾಗಿ ಬೆಂಕಿ ಗುರುಗ್ರಾಮಕ್ಕೂ ಬಂತು. ನಮ್ಮ ಆಫೀಸು ಮನೆಯಿಂದಲೇ ಕೆಲಸ ಮಾಡಿ ಅಂದಿತು. ಅವನಿಗೆ ಊರಿಗೆ ಹೋಗಲು ದಾರಿ ಇರಲಿಲ್ಲ, ಪಿಜಿಯಲ್ಲಿ ಇರಲು ಧೈರ್ಯ ಇರಲಿಲ್ಲ. ಐದು ದಿನ ನಮ್ಮ ಮನೆಯಲ್ಲಿದ್ದ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಏನೇನು ಬರೆಯುತ್ತಿದ್ದರು ಅಂತ ಹೇಳೋದು ಬೇಡ. ನೂಹ್ ಅಂದರೆ ಏನೂ ಗೊತ್ತಿಲ್ಲದ ಕನ್ನಡಿಗರೂ ಅದನ್ನು ಮುಂದಕ್ಕೆ ಕಳಿಸುತ್ತಿದ್ದರು, ಅಷ್ಟು ಹೇಳ್ತೀನಿ. ಮೂರನೇ ದಿನ ನಮ್ಮವ್ವ ಹಾನಗಲ್ಲಿನಿಂದ ವಿಡಿಯೋ ಕಾಲ್ ಮಾಡಿದವಳು ಅವನನ್ನು ನೋಡಿ "ರೊಟ್ಟಿ ತಿಂತಾನೇನೋ ಆ ಹುಡುಗ, ಸೊರಗ್ಯಾನಲ್ಲ" ಅಂದಳು. ನಾನು ಹಿಂದಿಗೆ ತರ್ಜುಮೆ ಮಾಡಿದೆ. ಅವನು ಎದ್ದು ಬಾಲ್ಕನಿಗೆ ಹೋದ, ಸ್ವಲ್ಪ ಹೊತ್ತು ಒಳಗೆ ಬರಲಿಲ್ಲ.

ಕಮೆಂಟುಗಳಲ್ಲಿ ಕೆಲವರು ಮೇವಾತಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಿ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಬೈರಾಟ್ ನೋಡಿಕೊಂಡು ರಾತ್ರಿಯೊಳಗೆ ವಾಪಸ್ಸು ಬರಬಹುದು. ಅಶೋಕನ ಬಂಡೆ ಹುಡುಕುವುದು ಸ್ವಲ್ಪ ಕಷ್ಟ, ಭೀಮನ ಗುಡ್ಡ ಎಲ್ಲಿ ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಗೊತ್ತಿರುವವರೊಬ್ಬರ ಜೊತೆ ಹೋದರೆ ಮಾತ್ರ ಕಥೆಗಳು ಸಿಗುತ್ತವೆ, ಗೂಗಲ್ ಮ್ಯಾಪ್ ಕಥೆ ಹೇಳುವುದಿಲ್ಲ.

ಈ ನವೆಂಬರ್ 1ಕ್ಕೆ ನಾವಿಬ್ಬರೂ ರಜೆ ಹಾಕಿದ್ದೇವೆ. 1956ರಲ್ಲಿ ನಮ್ಮ ರಾಜ್ಯ, 1966ರಲ್ಲಿ ಅವರ ಹರಿಯಾಣ, ಎರಡೂ ಹುಟ್ಟಿದ್ದು ಅದೇ ತಾರೀಕಿಗೆ. ಹುಬ್ಬಳ್ಳಿಗೆ ಟಿಕೆಟ್ ಆಗಿದೆ, ಅಲ್ಲಿಂದ ಹಾನಗಲ್. ಕುಂತಿ ದಿಬ್ಬ ನೋಡಿದ ಮೇಲೆ ವಿರಾಟನ ವಿಷಯದಲ್ಲಿ ತೀರ್ಪು ಕೊಡ್ತೀನಿ ಅಂದಿದ್ದಾನೆ. ಅವ್ವ ಈಗಿನಿಂದಲೇ ಶೇಂಗಾ ಹೋಳಿಗೆಯ ಲೆಕ್ಕ ಹಾಕ್ತಿದ್ದಾಳೆ.