ಕಾನ್ಹೇರಿಯ ಶಿಲೆಯಲ್ಲಿ ನೃಪತುಂಗ

2025ರ ಶ್ರಾವಣದ ಒಂದು ಭಾನುವಾರ ನಾವು ನಾಲ್ವರು ಮಿತ್ರರು ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿನಿಂದ ಕಾನ್ಹೇರಿ ಗುಹೆಗಳತ್ತ ಕಾಲ್ನಡಿಗೆಯಲ್ಲಿ ಹೊರಟೆವು. ನಮ್ಮಲ್ಲಿ ಇಬ್ಬರು ಓದಿದ್ದ ಉಪನಗರದ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚಿತೆಂಬ ಸುದ್ದಿ ಆ ವಾರವಷ್ಟೇ ಬಂದಿತ್ತು. ನಮ್ಮ ಮಕ್ಕಳನ್ನು ನಾವೂ ಅಲ್ಲಿಗೆ ಕಳುಹಿಸಿರಲಿಲ್ಲ. ಆದ್ದರಿಂದ ಯಾರನ್ನೂ ದೂರುವ ಬಾಯಿ ನಮಗಿರಲಿಲ್ಲ.

ದಾರಿಯುದ್ದಕ್ಕೂ ಕಾರ್ವಿಯ ಪೊದೆಗಳು. ಕುರಿಂಜಿಯ ಬಳಗದ ಈ ಗಿಡ ಎಂಟು ವರ್ಷಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. 2016ರಲ್ಲಿ, ಮತ್ತೆ 2024ರಲ್ಲಿ ಈ ಕಾಡು ನೇರಳೆ ಬಣ್ಣ ತಳೆದಿತ್ತು. ಈಗ ಒಣಗಿದ ಕಡ್ಡಿಗಳ ಬುಡದಲ್ಲಿ ಮಳೆಗೆ ಮೊಳೆತ ಎಳೆಯ ಸಸಿಗಳಿದ್ದವು. ಅವು ಹೂಬಿಡಲು 2032 ಬರಬೇಕು.

ಕಾನ್ಹೇರಿ ಎಂಬುದು ಶಾಸನಗಳ 'ಕೃಷ್ಣಗಿರಿ'. ಕ್ರಿಸ್ತಶಕದ ಆರಂಭದ ಶತಮಾನಗಳಿಂದ ಸುಮಾರು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ನೆಲೆಸಿದ್ದರು. ಕಪ್ಪು ಬಂಡೆಯಲ್ಲಿ ಕೊರೆದ ಗುಹೆಗಳು ನೂರಕ್ಕೂ ಹೆಚ್ಚು. ಕಲ್ಯಾಣ, ಸೋಪಾರಗಳ ವರ್ತಕರು ಗುಹೆಗಳನ್ನೂ ನೀರಿನ ತೊಟ್ಟಿಗಳನ್ನೂ ಮಾಡಿಸಿಕೊಟ್ಟರು. ಮೂಲಧನ ಕರಗದಂತೆ ಬಡ್ಡಿಯಿಂದಲೇ ಚೀವರದ ವೆಚ್ಚ ನಡೆಯಲೆಂದು 'ಅಕ್ಷಯನೀವಿ'ಗಳನ್ನು ಇರಿಸಿದರು.

ಕನ್ನಡಿಗರಾದ ನಮ್ಮ ಹೆಜ್ಜೆ ನಿಲ್ಲುವುದು ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳೆದುರು. ಉತ್ತರ ಕೊಂಕಣವನ್ನು ಆಗ ಆಳುತ್ತಿದ್ದವರು ಶಿಲಾಹಾರರಾದ ಪುಲ್ಲಶಕ್ತಿ ಮತ್ತು ಅವನ ಮಗ ಕಪರ್ದಿ. ಅವರು ಒಡೆಯನೆಂದು ಸ್ಮರಿಸುವುದು ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನನ್ನು. ಶಕ 765ರ, ಎಂದರೆ ಕ್ರಿ.ಶ. 843ರ ಸುಮಾರಿನ ಶಾಸನವೊಂದು ವಿಹಾರದ ದುರಸ್ತಿಗೆ, ಭಿಕ್ಷುಗಳ ವಸ್ತ್ರಕ್ಕೆ, ಅವರ ಪುಸ್ತಕಗಳಿಗೆ ದತ್ತಿ ಕೊಟ್ಟುದನ್ನು ಹೇಳುತ್ತದೆ. ಕೊನೆಯದು ಶಕ 799ರದು. ಈ ಅಮೋಘವರ್ಷನೇ ನಮ್ಮ ನೃಪತುಂಗ. 'ಕವಿರಾಜಮಾರ್ಗ' ರಚಿತವಾದುದು ಅವನ ಆಸ್ಥಾನದಲ್ಲಿ. ಅತ್ತ ಮಳಖೇಡದಲ್ಲಿ ಕನ್ನಡದ ಮೊದಲ ಉಪಲಬ್ಧ ಗ್ರಂಥ ರೂಪುಗೊಳ್ಳುತ್ತಿದ್ದ ಕಾಲಕ್ಕೆ, ಇತ್ತ ಈ ಕಾಡಿನೊಳಗೆ ಯಾರೋ ಪುಸ್ತಕಕ್ಕೆಂದು ಹಣ ತೆಗೆದಿರಿಸುತ್ತಿದ್ದರು.

ಮುಂಬಯಿ ಒಂದು ಕಾಲಕ್ಕೆ ನಮ್ಮದಾಗಿತ್ತು ಎಂದು ಬೀಗಲು ಇದನ್ನು ಹೇಳುತ್ತಿಲ್ಲ. ಶಾಸನದ ಭಾಷೆ ಕನ್ನಡವಲ್ಲ, ದಾನಿಗಳು ಕನ್ನಡಿಗರೆನ್ನಲು ಆಧಾರವೂ ಇಲ್ಲ. ಅಕ್ಷಯವೆಂದು ಹೆಸರಿಟ್ಟ ನಿಧಿಗಳೂ ಕ್ಷಯಿಸಿದವು. ಭಿಕ್ಷುಗಳು ಹೋದರು, ಪುಸ್ತಕಗಳು ಉಳಿಯಲಿಲ್ಲ. ಆದರೆ ಬಂಡೆಯ ಮೇಲೆ ಕಡಿದ ಸಣ್ಣ ಕಾಲುವೆಗಳಲ್ಲಿ ಅಂದೂ ಮಳೆನೀರು ಹರಿದು ತೊಟ್ಟಿಗಳನ್ನು ಸೇರುತ್ತಿತ್ತು. ಗುಹೆಯ ಮುಂದೆ ಕುಳಿತು ನಾವು ಬುತ್ತಿಯ ಚಿತ್ರಾನ್ನ ಬಿಚ್ಚಿದೆವು.

ಇಳಿಯುವಾಗ ಮಾತು ಮತ್ತೆ ಶಾಲೆಗೆ ಬಂದಿತು. ಮುಚ್ಚಿದ ಶಾಲೆಯನ್ನು ತೆರೆಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಮನೆಗಳ ಐದು ಮಕ್ಕಳಿಗೆ ಭಾನುವಾರ ಒಂದು ಗಂಟೆ ಅಕ್ಷರಾಭ್ಯಾಸ ಮಾಡಿಸುವುದು ಕೈಯಲ್ಲಿದೆ. 2032ರ ಕಾರ್ವಿಯನ್ನು ನೋಡಲು ಅವರನ್ನು ಕರೆತಂದಾಗ, ಈ ಬರಹವನ್ನು ಅವರೇ ಓದಬಲ್ಲರೆಂಬುದು ನಮ್ಮ ಆಸೆ.